ಬೆಟ್ಟ ಕುಸಿಯುವುದೇಕೆ? ಭೂಕಂಪ, ಶಿಲೆ ಮತ್ತು ಇಳಿಜಾರು

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಉರ್ದು ಮತ್ತು ಕನ್ನಡ ಪಾಠ ಮಾಡುವವನಿಗೆ ಭೂಕುಸಿತದ ವಿಷಯ ಯಾಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಭಾಷೆಯ ಶಿಕ್ಷಕ ಪದಗಳಿಂದಲೇ ಆರಂಭಿಸುತ್ತಾನೆ. ನಾನೂ ಹಾಗೆಯೇ ಆರಂಭಿಸುತ್ತೇನೆ. ಉರ್ದುವಿನಲ್ಲಿ ಭೂಕಂಪಕ್ಕೆ ‘ಝಲ್‌ಝಲಾ’ ಎನ್ನುತ್ತೇವೆ. ಅದು ಅರಬಿಯಿಂದ ಬಂದ ಪದ. ಪವಿತ್ರ ಕುರ್‌ಆನಿನ 99ನೇ ಅಧ್ಯಾಯಕ್ಕೆ ಅದೇ ಮೂಲದ ಹೆಸರಿದೆ, ನಮ್ಮ ಮಕ್ಕಳಿಗೆ ಅದು ಬಾಯಿಪಾಠ. ‘ಝಲ್’ ಎಂಬ ಸದ್ದು ಎರಡು ಸಲ ಬರುವುದರಿಂದ ಆ ಪದವನ್ನು ಹೇಳುವಾಗಲೇ ನಾಲಗೆ ಅದುರಿದಂತಾಗುತ್ತದೆ. ಇನ್ನು ಕನ್ನಡದಲ್ಲಿ ಮಲೆನಾಡಿನವರು ‘ಧರೆ ಕುಸಿಯಿತು’ ಎನ್ನುತ್ತಾರೆ, ಕೊಡಗು ಮತ್ತು ದಕ್ಷಿಣ ಕನ್ನಡದ ಕಡೆ ‘ಬರೆ ಜರಿಯಿತು’ ಎನ್ನುತ್ತಾರೆ. ಈ ಎರಡು ಪದಗಳು, ಅಂದರೆ ಝಲ್‌ಝಲಾ ಮತ್ತು ಬರೆ ಜರಿಯುವುದು, ಒಂದೇ ದಿನ ಒಂದೇ ಊರಿನ ಮೇಲೆ ಬಿದ್ದರೆ ಏನಾಗುತ್ತದೆ ಎಂಬುದೇ ಇಂದಿನ ನನ್ನ ವಿಷಯ.

ಅಂತಹ ದಿನವೊಂದನ್ನು ನಮ್ಮ ಕಾಲದಲ್ಲೇ ಜಗತ್ತು ಕಂಡಿದೆ. 2005ರ ಅಕ್ಟೋಬರ್ 8, ಶನಿವಾರ. ರಮಝಾನ್ ತಿಂಗಳು ಆಗಷ್ಟೇ ಆರಂಭವಾಗಿತ್ತು. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 20 ನಿಮಿಷ. ಕಾಶ್ಮೀರದ ಮುಝಫ್ಫರಾಬಾದಿನ ಸಮೀಪ 7.6 ತೀವ್ರತೆಯ ಭೂಕಂಪ ಸಂಭವಿಸಿತು. ಪಾಕಿಸ್ತಾನ ಮತ್ತು ಅದರ ಆಡಳಿತದಲ್ಲಿರುವ ಭಾಗದಲ್ಲಿ 73 ಸಾವಿರಕ್ಕೂ ಹೆಚ್ಚು ಜನ ಮರಣ ಹೊಂದಿದರು. ನಮ್ಮ ಕಡೆಯ ಉರಿ, ತಂಗ್‌ಧಾರ್ ಪ್ರದೇಶಗಳಲ್ಲಿ 1,300ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅದು ಶಾಲೆ ನಡೆಯುವ ಹೊತ್ತು. ಸತ್ತವರಲ್ಲಿ 17 ಸಾವಿರಕ್ಕೂ ಹೆಚ್ಚು ಮಂದಿ ಶಾಲೆಯ ಮಕ್ಕಳು. ಇಲ್ಲಿ ಕುಳಿತಿರುವ ನಮಗೆ, ಶಾಲೆಗಳನ್ನು ಕಟ್ಟುವ ಮತ್ತು ನಡೆಸುವ ಈ ಸಂಘಕ್ಕೆ, ಆ ಸಂಖ್ಯೆ ಬರಿಯ ಸಂಖ್ಯೆಯಾಗಿ ಕೇಳಿಸಬಾರದು.

ಬಹಳಷ್ಟು ಜನ ಕಟ್ಟಡಗಳ ಅಡಿ ಸಿಕ್ಕಿ ಸತ್ತರು. ಆದರೆ ಬೆಟ್ಟಗಳ ಅಡಿ ಸಿಕ್ಕಿ ಸತ್ತವರೂ ಕಡಿಮೆಯಲ್ಲ. ಭೂಕುಸಿತಗಳಿಂದಲೇ ಸತ್ತವರು ಸುಮಾರು 25 ಸಾವಿರ ಎಂದು ತಜ್ಞರ ಒಂದು ಅಂದಾಜು ಇದೆ. ಆ ದಿನ ಸಾವಿರಾರು ಕಡೆ ಬೆಟ್ಟ ಜರಿಯಿತು. ಆದರೆ ಗಮನಿಸಿ: ಒಂದೇ ಭೂಕಂಪ, ಒಂದೇ ಕಣಿವೆ, ಒಂದು ಗುಡ್ಡ ಕುಸಿಯಿತು, ಪಕ್ಕದ ಗುಡ್ಡ ನಿಂತಿತು. ಒಂದು ಹಳ್ಳಿ ಹೂತುಹೋಯಿತು, ನದಿಯಾಚೆಯ ಹಳ್ಳಿ ಉಳಿಯಿತು. ಇದೇಕೆ ಹೀಗಾಯಿತು? ಭೂವಿಜ್ಞಾನ ಇದಕ್ಕೆ ಉತ್ತರ ಕೊಡುತ್ತದೆ. ಆ ಉತ್ತರ ಕೇವಲ ಕಾಶ್ಮೀರಕ್ಕೆ ಸೇರಿದ್ದಲ್ಲ.

ಬೆಟ್ಟ ನಿಂತಿರುವುದು ಹೇಗೆ?

ಬೆಟ್ಟ ಕುಸಿಯುವುದೇಕೆ ಎಂದು ಕೇಳುವ ಮೊದಲು ಬೆಟ್ಟ ನಿಂತಿರುವುದು ಹೇಗೆ ಎಂದು ಕೇಳಬೇಕು. ನಿಮ್ಮ ಬೆಂಚಿನ ಒಂದು ತುದಿಯನ್ನು ಮೇಲೆತ್ತಿ, ಅದರ ಮೇಲೆ ಒಂದು ಪುಸ್ತಕವನ್ನು ಇಡಿ. ಸ್ವಲ್ಪ ಎತ್ತಿದಾಗ ಪುಸ್ತಕ ಜಾರುವುದಿಲ್ಲ. ಭೂಮಿಯ ಗುರುತ್ವಾಕರ್ಷಣೆ ಅದನ್ನು ಕೆಳಗೆ ಎಳೆಯುತ್ತಿದೆ, ಹಲಗೆಯ ಮತ್ತು ಪುಸ್ತಕದ ನಡುವಿನ ಘರ್ಷಣೆ ಅದನ್ನು ಹಿಡಿದಿಟ್ಟಿದೆ. ಎರಡೂ ಬಲಗಳು ಕುಸ್ತಿಪಟುಗಳಂತೆ ಪರಸ್ಪರ ಹಿಡಿದು ನಿಂತಿವೆ. ಈಗ ಬೆಂಚಿನ ಬದಿಗೆ ಮುಷ್ಟಿಯಿಂದ ಒಂದು ಏಟು ಕೊಡಿ. ಪುಸ್ತಕ ಜಾರಿ ಬೀಳುತ್ತದೆ. ನೀವು ಇಳಿಜಾರನ್ನು ಹೆಚ್ಚಿಸಲಿಲ್ಲ, ಪುಸ್ತಕದ ತೂಕವನ್ನೂ ಹೆಚ್ಚಿಸಲಿಲ್ಲ. ಕೇವಲ ಕ್ಷಣಕಾಲ ಅಲುಗಿಸಿದಿರಿ. ಭೂಕಂಪ ಮಾಡುವುದು ಇಷ್ಟೇ. ಎಷ್ಟೋ ಸಾವಿರ ವರ್ಷಗಳಿಂದ ಹೇಗೋ ನಿಂತಿದ್ದ ಇಳಿಜಾರಿಗೆ ಅದು ಕೆಲವು ಸೆಕೆಂಡುಗಳ ಕಾಲ ಪಕ್ಕದಿಂದ ತಳ್ಳುವ ಬಲವನ್ನು ಸೇರಿಸುತ್ತದೆ, ಹಿಡಿದಿಟ್ಟಿದ್ದ ಘರ್ಷಣೆಯನ್ನು ಸಡಿಲಿಸುತ್ತದೆ.

ಆದ್ದರಿಂದ ಭೂಕಂಪ ಒಂದು ಪರೀಕ್ಷೆ ಇದ್ದಂತೆ. ಪ್ರಶ್ನೆಪತ್ರಿಕೆ ಎಲ್ಲ ಬೆಟ್ಟಗಳಿಗೂ ಒಂದೇ ದಿನ ಬರುತ್ತದೆ. ಪಾಸಾಗುವುದು, ಫೇಲಾಗುವುದು ಆ ಬೆಟ್ಟ ಮೊದಲಿನಿಂದ ಹೇಗಿತ್ತು ಎಂಬುದರ ಮೇಲೆ ನಿಂತಿದೆ.

ಮೊದಲನೆಯದು: ಸ್ತರಭಂಗ ಎಲ್ಲಿದೆ?

ಭೂಮಿಯ ಹೊರಪದರದಲ್ಲಿ ಶಿಲೆಗಳು ಸೀಳಿಕೊಂಡು ಸರಿಯುವ ಜಾಗಕ್ಕೆ ಸ್ತರಭಂಗ ಎನ್ನುತ್ತಾರೆ. 2005ರಲ್ಲಿ ಸೀಳಿದ್ದು ಬಾಲಾಕೋಟ್ ಪಟ್ಟಣದಿಂದ ಮುಝಫ್ಫರಾಬಾದ್ ಮಾರ್ಗವಾಗಿ ಬಾಗ್ ಕಡೆಗೆ ಸಾಗುವ ಸ್ತರಭಂಗ. ಸುಮಾರು 70 ಕಿಲೋಮೀಟರ್ ಉದ್ದಕ್ಕೆ ನೆಲದ ಮೇಲೆಯೇ ಅದರ ಗುರುತು ಕಾಣಿಸಿತು. ಕೆಲವೆಡೆ ನೆಲ ಹಲವು ಮೀಟರುಗಳಷ್ಟು ಮೇಲೆದ್ದಿತು.

ಆ ಸೀಳು ನೇರ ಕೆಳಗೆ ಇಳಿಯುವುದಿಲ್ಲ, ಈಶಾನ್ಯದ ಕಡೆಗೆ ಓರೆಯಾಗಿ ಇಳಿಯುತ್ತದೆ. ಒಂದು ಹಲಗೆಯ ಮೇಲೆ ಇನ್ನೊಂದು ಹಲಗೆ ಓರೆಯಾಗಿ ಏರಿ ಕುಳಿತಂತೆ. ಭೂಕಂಪದ ದಿನ ಈಶಾನ್ಯದ ಕಡೆಯ ಮೇಲಿನ ಹಲಗೆ ನೈಋತ್ಯದ ಕಡೆಗೆ ಮತ್ತು ಮೇಲಕ್ಕೆ ನುಗ್ಗಿತು. ಹೀಗೆ ಆದಾಗ ಮೇಲಿನ ಹಲಗೆಯ ಮೇಲಿರುವ ಬೆಟ್ಟಗಳು ಕೆಳಗಿನ ಹಲಗೆಯ ಮೇಲಿನವುಗಳಿಗಿಂತ ಹೆಚ್ಚು ಅದುರುತ್ತವೆ.

ಜಪಾನಿನ ತಜ್ಞರು ಉಪಗ್ರಹದ ಚಿತ್ರಗಳನ್ನು ಇಟ್ಟುಕೊಂಡು 55 ಕಿಲೋಮೀಟರ್ ಉದ್ದ, 51 ಕಿಲೋಮೀಟರ್ ಅಗಲದ ಪ್ರದೇಶದಲ್ಲಿ 2,424 ಕುಸಿತಗಳನ್ನು ಗುರುತಿಸಿದರು. ಅವುಗಳಲ್ಲಿ ಬಹುಪಾಲು ಆ ಮೇಲಿನ ಹಲಗೆಯ ಕಡೆಯೇ ಇದ್ದವು. ಮೂರನೇ ಒಂದಕ್ಕಿಂತ ಹೆಚ್ಚು ಕುಸಿತಗಳು ಸ್ತರಭಂಗದಿಂದ ಕೇವಲ ಒಂದು ಕಿಲೋಮೀಟರ್ ಒಳಗಿದ್ದವು. ದೊಡ್ಡ ಕುಸಿತಗಳಲ್ಲಿ ಅನೇಕವು ದಕ್ಷಿಣಕ್ಕೆ, ನೈಋತ್ಯಕ್ಕೆ ಮುಖ ಮಾಡಿದ ಇಳಿಜಾರುಗಳಲ್ಲಿದ್ದವು. ನೆಲ ನುಗ್ಗಿದ್ದೂ ಅದೇ ದಿಕ್ಕಿಗೆ. ಬಸ್ಸು ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಬಾಗುತ್ತೇವಲ್ಲ, ಅದನ್ನು ನೆನಪಿಸಿಕೊಂಡರೆ ಇದು ಅರ್ಥವಾದೀತು.

ಎರಡನೆಯದು: ಕಲ್ಲು ಯಾವುದು?

ಬೆಟ್ಟ ಎಂದರೆ ನಮಗೆ ಗಟ್ಟಿತನದ ಹೋಲಿಕೆ. ‘ಬಂಡೆಯಂತೆ ನಿಂತ’ ಎನ್ನುತ್ತೇವೆ. ಆದರೆ ಹಿಮಾಲಯದ ಈ ಭಾಗದಲ್ಲಿ ಅಂತಹ ಬಂಡೆ ಕಡಿಮೆ. ಭಾರತದ ನೆಲ ಉತ್ತರಕ್ಕೆ ಒತ್ತುತ್ತಲೇ ಇರುವುದರಿಂದ ಅಲ್ಲಿಯ ಶಿಲೆಗಳು ಮಡಿಚಿ, ಸೀಳಿ, ಪುಡಿಯಾಗಿ ಹೋಗಿವೆ. ಮರಳುಗಲ್ಲು, ಜೇಡಿಮಣ್ಣಿನ ಪದರಗಲ್ಲು, ಸುಣ್ಣಕಲ್ಲು ಇವು ಒಂದರ ಮೇಲೊಂದು ಪದರಗಳಾಗಿವೆ. ಮರಳುಗಲ್ಲು ಗಟ್ಟಿ, ಜೇಡಿಯ ಪದರ ಮೆದು. ನೀರು ಕುಡಿದರೆ ಜೇಡಿಯ ಪದರ ಸಾಬೂನಿನಂತೆ ಜಾರುತ್ತದೆ.

ಇಲ್ಲಿ ಇನ್ನೊಂದು ಸಣ್ಣ ಪ್ರಯೋಗ. ಒಂದರ ಮೇಲೊಂದು ಹತ್ತು ನೋಟ್‌ಬುಕ್ ಇಟ್ಟು ಆ ಕಟ್ಟನ್ನು ನಿಮ್ಮ ಕಡೆಗೆ ವಾಲಿಸಿ. ಮೇಲಿನವು ಜಾರಿ ನಿಮ್ಮ ಮಡಿಲಿಗೆ ಬೀಳುತ್ತವೆ. ಅದೇ ಕಟ್ಟನ್ನು ಗೋಡೆಯ ಕಡೆಗೆ ವಾಲಿಸಿದರೆ ನಿಮ್ಮ ಕಡೆಗೆ ಬೀಳುವುದಿಲ್ಲ. ಬೆಟ್ಟದ ಪದರಗಳೂ ಹೀಗೆಯೇ. ಪದರಗಳು ಕಣಿವೆಯ ಕಡೆಗೆ ವಾಲಿದ್ದರೆ ಅಪಾಯ, ಬೆಟ್ಟದ ಒಳಕ್ಕೆ ವಾಲಿದ್ದರೆ ಅಪಾಯ ಕಡಿಮೆ. ಹೊರಗಿನಿಂದ ನೋಡಿದರೆ ಎರಡೂ ಬೆಟ್ಟಗಳು ಒಂದೇ ತರಹ ಹಸಿರಾಗಿ ಕಾಣುತ್ತವೆ. ಒಳಗಿನ ವಾಲುವಿಕೆಯನ್ನು ಓದುವುದೇ ಭೂವಿಜ್ಞಾನಿಯ ಕೆಲಸ.

ಆ ಜಪಾನಿ ತಜ್ಞರ ಲೆಕ್ಕದಲ್ಲಿ ವಿದ್ಯಾರ್ಥಿಗಳು ಕಲಿಯಬೇಕಾದ ಒಂದು ಪಾಠವಿದೆ. ಯಾವ ಕಲ್ಲಿನಲ್ಲಿ ಹೆಚ್ಚು ಕುಸಿತ ಎಂದು ಸುಮ್ಮನೆ ಎಣಿಸಿದರೆ ಮರಳುಗಲ್ಲಿನ ಪ್ರದೇಶ ಮೊದಲು ಬರುತ್ತದೆ, 1,147 ಕುಸಿತಗಳು. ಆದರೆ ಒಂದು ಚದರ ಕಿಲೋಮೀಟರಿಗೆ ಎಷ್ಟು ಎಂದು ಕೇಳಿದರೆ ಹಳೆಯ ಪದರುಶಿಲೆಯ ಪ್ರದೇಶ ಮುಂದೆ ಬರುತ್ತದೆ, 3.2. ಇನ್ನು ನೆಲದ ಎಷ್ಟು ಪಾಲು ಕುಸಿಯಿತು ಎಂದು ಕೇಳಿದರೆ ಸುಣ್ಣಕಲ್ಲು ಮತ್ತು ಪದರಗಲ್ಲು ಸೇರಿದ ಪ್ರದೇಶ ಮೊದಲಾಗುತ್ತದೆ. ಮೂರು ಪ್ರಶ್ನೆ, ಮೂರು ಉತ್ತರ, ಮೂರೂ ಸರಿ. ಆದ್ದರಿಂದ ಮಕ್ಕಳೇ, ಯಾರಾದರೂ ‘ಇದೇ ಹೆಚ್ಚು’ ಎಂದಾಗ ‘ಯಾವ ಲೆಕ್ಕದಲ್ಲಿ?’ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ.

ಮೂರನೆಯದು: ನೆಲದ ಆಕಾರ

ಕಡಿದಾದ ಇಳಿಜಾರು ಬೇಗ ಜಾರುತ್ತದೆ ಎಂಬುದು ಎಲ್ಲರಿಗೂ ಗೊತ್ತು. 2005ರ ದೊಡ್ಡ ಕುಸಿತಗಳು ಹೆಚ್ಚಾಗಿ 30 ಡಿಗ್ರಿಗಿಂತ ಕಡಿದಾದ ಕಡೆಗಳಲ್ಲೇ ಆದವು. ಆದರೆ ಇಳಿಜಾರಿನ ಹೊರತಾಗಿ ಇನ್ನೆರಡು ಸಂಗತಿಗಳಿವೆ.

ಒಂದು, ಬೆಟ್ಟದ ನೆತ್ತಿ. ತೆಂಗಿನ ಮರದ ಬುಡವನ್ನು ಅಲುಗಿಸಿದಾಗ ಹೆಚ್ಚು ತೂಗುವುದು ತುದಿ. ಭೂಕಂಪದ ಅಲೆ ಬೆಟ್ಟದ ಬುಡದಿಂದ ಒಳಹೊಕ್ಕು ಮೇಲೇರುತ್ತಾ ಕಿರಿದಾದ ಏಣಿನಲ್ಲಿ ಸಿಕ್ಕಿಕೊಂಡು ಪ್ರಬಲವಾಗುತ್ತದೆ. ಮಳೆಯಿಂದಾಗುವ ಕುಸಿತ ಸಾಮಾನ್ಯವಾಗಿ ನೀರು ಸೇರುವ ಹಳ್ಳ, ತಗ್ಗುಗಳಲ್ಲಿ ಹುಟ್ಟುತ್ತದೆ. ಭೂಕಂಪದ ಕುಸಿತವಾದರೋ ಅನೇಕ ಸಲ ನೆತ್ತಿಯ ಸಮೀಪದಿಂದಲೇ ಹೊರಡುತ್ತದೆ. ಎರಡು, ನದಿ. ಕಾಶ್ಮೀರದ ಜೀಲಮ್, ನೀಲಮ್ ನದಿಗಳು ತಮ್ಮ ದಂಡೆಯ ಬುಡವನ್ನು ಕೊರೆದು ಕೊರೆದು ಗೋಡೆಯಂತೆ ನೆಟ್ಟಗೆ ನಿಲ್ಲಿಸಿವೆ. ಬುಡ ಕೊರೆದ ದಂಡೆಗೆ ಆಸರೆ ಇಲ್ಲ.

ನಾಲ್ಕನೆಯದು: ನಮ್ಮ ಕೈ

ಭೂಕಂಪವಾದ ಕೆಲವೇ ವಾರಗಳಲ್ಲಿ ವಿಜ್ಞಾನಿಗಳ ಇನ್ನೊಂದು ತಂಡ ಸುತ್ತಿ 174 ಸ್ಥಳಗಳಲ್ಲಿ 1,293 ಕುಸಿತಗಳನ್ನು ದಾಖಲಿಸಿತು. ಅವರು ಕಂಡದ್ದು ನಮ್ಮನ್ನು ಯೋಚನೆಗೆ ಹಚ್ಚಬೇಕು. ಅವರು ನೋಡಿದ ಕುಸಿತಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಸ್ತೆ ಕಡಿತ ಮೊದಲಾದ ಮಾನವ ಚಟುವಟಿಕೆಗಳಿಗೆ ಸಂಬಂಧಿಸಿದ್ದವು. ನದಿ ಸಾವಿರಾರು ವರ್ಷಗಳಲ್ಲಿ ಬೆಟ್ಟದ ಬುಡಕ್ಕೆ ಮಾಡಿದ್ದನ್ನು ನಮ್ಮ ಯಂತ್ರ ಒಂದು ವಾರದಲ್ಲಿ ಮಾಡುತ್ತದೆ. ಅದೇ ರಸ್ತೆಗಳು ಮುಚ್ಚಿದ್ದರಿಂದ ಗಾಯಗೊಂಡವರ ಬಳಿಗೆ ವೈದ್ಯರೂ ಆಹಾರವೂ ಸಕಾಲಕ್ಕೆ ತಲುಪಲಿಲ್ಲ.

ಝಲ್‌ಝಲ್ ಕೆರೆಯ ಕಥೆ

ಇದುವರೆಗೆ ಹೇಳಿದ ಕಾರಣಗಳಲ್ಲಿ ಹಲವು ಒಂದೇ ಕಡೆ ಸೇರಿದ್ದು ಮುಝಫ್ಫರಾಬಾದಿನ ಆಗ್ನೇಯಕ್ಕಿರುವ ಹಟ್ಟಿಯಾನ್ ಬಾಲಾದಲ್ಲಿ. ಅಲ್ಲಿಯ ಬೆಟ್ಟ ಮರಳುಗಲ್ಲು ಮತ್ತು ಜೇಡಿಗಲ್ಲಿನ ಪದರಗಳದ್ದು. ಆ ಪದರಗಳು ಬಟ್ಟಲಿನಂತೆ ಒಳಕ್ಕೆ ಮಡಿಚಿ ಕಣಿವೆಯ ಕಡೆಗೆ ವಾಲಿದ್ದವು. ಸ್ತರಭಂಗ ಹತ್ತಿರದಲ್ಲೇ ಇತ್ತು. ಆ ಬೆಟ್ಟದಲ್ಲಿ ಹಿಂದೆಯೂ ಜರಿದ ಗುರುತುಗಳಿದ್ದವು. ಅಕ್ಟೋಬರ್ 8ರಂದು ಸುಮಾರು 7 ಕೋಟಿ ಘನ ಮೀಟರ್ ಕಲ್ಲುಮಣ್ಣು ಒಮ್ಮೆಗೇ ಕೆಳಗಿಳಿಯಿತು. ಒಂದು ಟಿಪ್ಪರ್ ಲಾರಿಗೆ ಹತ್ತು ಘನ ಮೀಟರ್ ಎಂದು ಹಿಡಿದರೂ 70 ಲಕ್ಷ ಲಾರಿಗಳ ಹೊರೆ. ಕೆಳಗಿದ್ದ ಹಳ್ಳಿ ಪೂರ್ಣವಾಗಿ ಹೂತುಹೋಯಿತು. ಸುಮಾರು ಒಂದು ಸಾವಿರ ಜನ ಅದರಡಿ ಸಿಲುಕಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಮಣ್ಣಿನ ರಾಶಿ ಹೊಳೆಗೆ ಅಡ್ಡಲಾಗಿ ಅಣೆಕಟ್ಟಿನಂತೆ ನಿಂತಿತು. ಹಿಂದೆ ನೀರು ತುಂಬಿ ಕೆರೆಯಾಯಿತು. ಜನ ಅದಕ್ಕೆ ಇಟ್ಟ ಹೆಸರು ‘ಝಲ್‌ಝಲ್ ಝೀಲ್’, ಭೂಕಂಪದ ಕೆರೆ. ಮನುಷ್ಯ ಕಟ್ಟಿದ ಅಣೆಕಟ್ಟಿಗೆ ಅಡಿಪಾಯ, ಕೋಡಿ ಎಲ್ಲ ಇರುತ್ತದೆ. ಇದಕ್ಕೆ ಏನೂ ಇರಲಿಲ್ಲ. ನೀರು ಹೊರಹೋಗಲು ಕಾಲುವೆ ತೋಡಿದರು. ಆದರೂ 2010ರ ಫೆಬ್ರವರಿ 9ರಂದು, ಭೂಕಂಪವಾಗಿ ನಾಲ್ಕು ವರ್ಷ ನಾಲ್ಕು ತಿಂಗಳಾದ ಮೇಲೆ, ಮಳೆಯ ನಂತರ ಅದು ಒಡೆದು ಕೆಳಗಿನ ಕಣಿವೆಯಲ್ಲಿ ಪ್ರವಾಹ ಬಂತು. ಭೂಕಂಪ ಒಂದು ನಿಮಿಷದ್ದು, ಅದರ ಲೆಕ್ಕ ತೀರುವುದಕ್ಕೆ ವರ್ಷಗಳು ಬೇಕು.

ಇಂತಹ ಕೆರೆಗಳಲ್ಲಿ ಅತಿ ದೊಡ್ಡದು ಇಂದಿನ ತಜಿಕಿಸ್ತಾನದ ಪಾಮಿರ್ ಪರ್ವತಗಳಲ್ಲಿದೆ. 1911ರ ಫೆಬ್ರವರಿ 18ರ ಭೂಕಂಪದಲ್ಲಿ ಸುಮಾರು 200 ಕೋಟಿ ಘನ ಮೀಟರ್ ಬೆಟ್ಟ ಕುಸಿದು ಉಸೋಯ್ ಎಂಬ ಹಳ್ಳಿಯನ್ನು ಮುಚ್ಚಿತು. ಮುರ್ಗಾಬ್ ನದಿ ನಿಂತಿತು. ಮೇಲ್ಭಾಗದ ಸರೇಝ್ ಎಂಬ ಹಳ್ಳಿ ನಿಧಾನವಾಗಿ ಮುಳುಗಿತು. ಆ ಸಹಜ ಅಣೆಕಟ್ಟಿನ ಎತ್ತರ 500 ಮೀಟರಿಗೂ ಹೆಚ್ಚು. ಸರೇಝ್ ಸರೋವರ ಇಂದಿಗೂ ಇದೆ, ಅದರ ಮೇಲೆ ಇಂದಿಗೂ ಕಣ್ಣಿಟ್ಟಿದ್ದಾರೆ.

ನಿಯಮವನ್ನು ಪರೀಕ್ಷಿಸುವ ಉದಾಹರಣೆಗಳು

ಕಡಿದಾದ ಬೆಟ್ಟ, ಒಡಕು ಕಲ್ಲು ಇದ್ದರೆ ಮಾತ್ರ ಅಪಾಯ ಎಂದು ತಿಳಿದರೆ ಅರ್ಧ ಪಾಠ ಕಲಿತಂತೆ. ಇನ್ನು ಕೆಲವು ಊರುಗಳನ್ನು ನೋಡೋಣ.

ಚೀನಾದ ಹೈಯುವಾನ್, 1920ರ ಡಿಸೆಂಬರ್ 16. ಆ ಪ್ರದೇಶದಲ್ಲಿ ಹುಯಿ ಮುಸಲ್ಮಾನರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅಲ್ಲಿಯ ಗುಡ್ಡಗಳು ಕಲ್ಲಿನವಲ್ಲ, ಯುಗಯುಗಗಳಲ್ಲಿ ಗಾಳಿ ತಂದು ಪೇರಿಸಿದ ಹಳದಿ ಧೂಳುಮಣ್ಣಿನವು. ಒಣಗಿದಾಗ ಗಟ್ಟಿಯಾಗಿ ಗೋಡೆಯಂತೆ ನಿಲ್ಲುವ ಆ ಮಣ್ಣಿನಲ್ಲಿ ಜನ ಗುಹೆ ತೋಡಿ ಮನೆ ಮಾಡಿಕೊಂಡಿದ್ದರು. ಅಲುಗಾಡಿದಾಗ ಅದರ ಕಣಗಳ ಹಿಡಿತ ಬಿಟ್ಟು ಗುಡ್ಡಗಳು ಹಿಟ್ಟಿನಂತೆ ಹರಿದವು. ಆ ಭೂಕಂಪದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು.

ಇಂಡೋನೇಷ್ಯಾದ ಪಾಲು ನಗರ, 2018ರ ಸೆಪ್ಟೆಂಬರ್ 28, ಶುಕ್ರವಾರ ಮಗ್ರಿಬ್ ಹೊತ್ತು. ತೀವ್ರತೆ 7.5. ಅಲ್ಲಿ ಪೆಟೋಬೊ, ಬಲಾರೋವಾ ಬಡಾವಣೆಗಳು ಇದ್ದ ನೆಲ ಹೆಚ್ಚುಕಡಿಮೆ ಸಮತಟ್ಟು, ಕೆಲವೇ ಡಿಗ್ರಿಗಳ ಇಳಿಜಾರು. ಆದರೆ ಅಡಿಯಲ್ಲಿ ನೀರು ತುಂಬಿದ ಮರಳು. ನಡುಗಿದಾಗ ಮರಳು ನೀರಿನೊಂದಿಗೆ ಕಲೆತು ಗಂಜಿಯಂತಾಯಿತು. ಮನೆ, ರಸ್ತೆ, ಮರಗಳು ಅದರ ಮೇಲೆ ತೇಲುತ್ತಾ ದೂರ ಸರಿದವು. ಭತ್ತದ ಗದ್ದೆಗಳಿಗೆ ನೀರುಣಿಸುವ ನಾಲೆಯೂ ನೆಲವನ್ನು ತೋಯಿಸಿ ಇಟ್ಟಿತ್ತು ಎಂದು ಅಧ್ಯಯನಗಳು ಹೇಳಿವೆ. ಬೆಟ್ಟವೇ ಬೇಕಿಲ್ಲ, ನೀರು ಕುಡಿದ ಸಡಿಲ ನೆಲ ಸಾಕು.

ನೇಪಾಳ, 2015ರ ಏಪ್ರಿಲ್ 25, ತೀವ್ರತೆ 7.8. ಚೀನಾದ ವೆಂಚುವಾನ್, 2008ರ ಮೇ 12, ತೀವ್ರತೆ 7.9. ಎರಡೂ ಎತ್ತರದ ಪರ್ವತಗಳ ನಾಡು, ತೀವ್ರತೆ ಹೆಚ್ಚುಕಡಿಮೆ ಒಂದೇ. ನೇಪಾಳದಲ್ಲಿ ಸುಮಾರು 25 ಸಾವಿರ ಕುಸಿತಗಳನ್ನು ಎಣಿಸಿದರು. ವೆಂಚುವಾನಿನಲ್ಲಿ ಎರಡು ಲಕ್ಷದ ಹತ್ತಿರ ಎಣಿಸಿದ ಪಟ್ಟಿಯಿದೆ. ಮುಖ್ಯ ವ್ಯತ್ಯಾಸ ಸೀಳಿದ್ದು ಎಲ್ಲಿ ಎಂಬುದರಲ್ಲಿತ್ತು. ವೆಂಚುವಾನಿನಲ್ಲಿ ಸ್ತರಭಂಗ ನೆಲದ ಮೇಲಿನವರೆಗೆ ಸೀಳಿ ಬಂತು. ನೇಪಾಳದಲ್ಲಿ ಆಳದಲ್ಲೇ ಉಳಿಯಿತು. ಆದರೂ ಲಾಂಗ್‌ಟಾಂಗ್ ಎಂಬ ಒಂದು ಹಳ್ಳಿಯ ಮೇಲೆ ಮಂಜುಗಡ್ಡೆ ಮತ್ತು ಬಂಡೆ ಬಿದ್ದು 300ಕ್ಕೂ ಹೆಚ್ಚು ಜನ ಸತ್ತರು. ಸರಾಸರಿ ಲೆಕ್ಕ ಒಂದು ಹಳ್ಳಿಯನ್ನು ಕಾಪಾಡುವುದಿಲ್ಲ.

ಕೊನೆಯದು ನಮ್ಮ ಕಲಬುರಗಿ, ಬೀದರಿನವರಿಗೂ ನಡುಕ ತಟ್ಟಿದ ಲಾತೂರ್ ಭೂಕಂಪ. 1993ರ ಸೆಪ್ಟೆಂಬರ್ 30ರ ನಸುಕು, ತೀವ್ರತೆ 6.2. ಸುಮಾರು ಹತ್ತು ಸಾವಿರ ಜನ ಮರಣ ಹೊಂದಿದರು. ಕಿಲ್ಲಾರಿಯ ಸುತ್ತ ಕಪ್ಪುಮಣ್ಣಿನ ಬಯಲು, ಜಾರಲು ಬೆಟ್ಟವಿರಲಿಲ್ಲ. ಅಲ್ಲಿ ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಲ್ಲು ಜೋಡಿಸಿ ಕಟ್ಟಿದ ದಪ್ಪ ಗೋಡೆಗಳು ಮತ್ತು ಭಾರದ ಮಾಳಿಗೆಗಳು. ಬಯಲಿನಲ್ಲಿ ಮನೆಯನ್ನು ಪರೀಕ್ಷಿಸಬೇಕು, ಬೆಟ್ಟದಲ್ಲಿ ಮನೆಯನ್ನೂ ಪರೀಕ್ಷಿಸಬೇಕು, ಮನೆಯ ಹಿಂದಿನ ಧರೆಯನ್ನೂ ಪರೀಕ್ಷಿಸಬೇಕು.

ನಮ್ಮ ಘಟ್ಟಗಳ ವಿಷಯ

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ದೂರ ಮಾಡಬೇಕಾಗಿದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದಾಗ, ಅದಕ್ಕೆ ಮುಂಚೆ ಜುಲೈಯಲ್ಲಿ ಆಗಿದ್ದ ಸಣ್ಣ ಕಂಪನವೇ ಕಾರಣ ಎಂದು ಬಹಳ ಜನ ನಂಬಿದರು. 2022ರ ಜೂನ್ ಕೊನೆಯಲ್ಲಿ ಕೊಡಗು ಮತ್ತು ಸುಳ್ಯದ ಗಡಿಯಲ್ಲಿ ನೆಲ ನಡುಗಿದಾಗಲೂ ಅದೇ ಭಯ ಹಬ್ಬಿತು. ಜಗತ್ತಿನ ಹಲವು ಭೂಕಂಪಗಳನ್ನು ಹೋಲಿಸಿ 1984ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರ ಪ್ರಕಾರ ಕುಸಿತ ಉಂಟುಮಾಡಬಲ್ಲ ಭೂಕಂಪದ ಕನಿಷ್ಠ ತೀವ್ರತೆ ಸುಮಾರು 4. ಕೊಡಗಿನ ಆ ಕಂಪನ ಸುಮಾರು 3.4. ತೀವ್ರತೆ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಆ ಲೆಕ್ಕದಲ್ಲಿ ಕಾಶ್ಮೀರದ ಭೂಕಂಪದ ಶಕ್ತಿ ಕೊಡಗಿನ ಕಂಪನಕ್ಕಿಂತ ಸುಮಾರು 20 ಲಕ್ಷ ಪಟ್ಟು ಹೆಚ್ಚು.

ಕೊಡಗಿನಲ್ಲಿ ಗುಡ್ಡ ಜಾರಿಸಿದ್ದು ವಿಪರೀತ ಮಳೆ ಮತ್ತು ಇಳಿಜಾರಿನಲ್ಲಿ ನಾವು ಮಾಡಿದ ಕಡಿತ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದದ್ದು, ಅದೇ ತಿಂಗಳ 30ರಂದು ವಯನಾಡಿನಲ್ಲಿ ಮುಂಡಕೈ, ಚೂರಲ್‌ಮಲ ಕೊಚ್ಚಿಹೋದದ್ದು ಕೂಡ ಮಳೆಯಿಂದಲೇ. ಭೂಕಂಪದ ಮೇಲೆ ದೂರು ಹೊರಿಸಿದರೆ ನಮಗೆ ಒಂದು ಸಮಾಧಾನ ಸಿಗುತ್ತದೆ, ನಮ್ಮ ಕೈಯಲ್ಲಿ ಏನೂ ಇರಲಿಲ್ಲ ಎಂದು. ಆ ಸಮಾಧಾನ ಅಪಾಯಕಾರಿ. ಹಾಗೆಂದು ಪಶ್ಚಿಮ ಘಟ್ಟದಲ್ಲಿ ದೊಡ್ಡ ಭೂಕಂಪ ಬರುವುದೇ ಇಲ್ಲ ಎನ್ನುವಂತೆಯೂ ಇಲ್ಲ. 1967ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಕೊಯ್ನಾದಲ್ಲಿ 6.3 ತೀವ್ರತೆಯ ಭೂಕಂಪವಾಗಿದೆ. ಅಲುಗಿಸುವ ಕೈ ಮಳೆಯದಾಗಲಿ, ಭೂಕಂಪದ್ದಾಗಲಿ, ಜಾರುವ ಇಳಿಜಾರನ್ನು ನಿರ್ಧರಿಸುವ ಸಂಗತಿಗಳು ಹೆಚ್ಚಾಗಿ ಅವೇ: ಕಲ್ಲಿನ ಬಗೆ, ಪದರದ ವಾಲುವಿಕೆ, ಇಳಿಜಾರು, ನೀರು ಮತ್ತು ಬುಡಕ್ಕೆ ಹಾಕಿದ ಕತ್ತರಿ.

ತಖ್ದೀರ್ ಮತ್ತು ತದ್‌ಬೀರ್

ಮಾನ್ಯರೇ, ಭೂಕಂಪವಾದಾಗಲೆಲ್ಲ ನಮ್ಮಲ್ಲಿ ಒಂದು ಮಾತು ಕೇಳಿಬರುತ್ತದೆ. ‘ಇದು ಅಲ್ಲಾಹನ ಇಚ್ಛೆ, ಇದರಲ್ಲಿ ಪ್ರಶ್ನೆ ಮಾಡಲು ಏನಿದೆ?’ ಆತನ ಇಚ್ಛೆಯಿಲ್ಲದೆ ಎಲೆಯೂ ಅಲುಗದು ಎಂಬುದು ನಮ್ಮ ವಿಶ್ವಾಸ. ಆದರೆ ಆ ವಿಶ್ವಾಸವಿದ್ದ ನಮ್ಮ ಪೂರ್ವಿಕರು ಪ್ರಶ್ನೆ ಕೇಳುವುದನ್ನು ನಿಲ್ಲಿಸಲಿಲ್ಲ. 1037ರಲ್ಲಿ ನಿಧನರಾದ ಇಬ್ನ್ ಸೀನಾ ಅವರನ್ನು ನಾವು ವೈದ್ಯರೆಂದು ಮಾತ್ರ ಬಲ್ಲೆವು. ತಮ್ಮ ‘ಕಿತಾಬುಶ್ಶಿಫಾ’ ಗ್ರಂಥದಲ್ಲಿ ಅವರು ಬೆಟ್ಟಗಳು ಹೇಗಾದವು ಎಂದು ಚರ್ಚಿಸಿದ್ದಾರೆ. ಭೂಕಂಪದಲ್ಲಿ ನೆಲ ಮೇಲೇಳುವುದು ಒಂದು ಕಾರಣ. ನೀರು ಮತ್ತು ಗಾಳಿ ಮೆದುವಾದ ಪದರವನ್ನು ಕೊರೆದು ಗಟ್ಟಿಯಾದದ್ದನ್ನು ಉಳಿಸುವುದು ಇನ್ನೊಂದು ಎಂಬುದು ಅವರ ವಿವರಣೆಯ ಸಾರ. ಅವರ ಸಮಕಾಲೀನರಾದ ಅಲ್‌ಬೀರೂನಿ ನಮ್ಮ ದೇಶಕ್ಕೆ ಬಂದು, ಬೆಟ್ಟದ ಹತ್ತಿರ ನದಿಯ ಕಲ್ಲುಗಳು ದೊಡ್ಡವು, ದೂರ ಹೋದಂತೆ ಸಣ್ಣವು, ಕಡೆಗೆ ಮರಳು ಎಂಬುದನ್ನು ಗಮನಿಸಿ, ಈ ಬಯಲುಗಳು ನದಿಗಳು ತಂದ ಮಣ್ಣಿನಿಂದ ಆದವು ಎಂದು ಸುಮಾರು 1030ರಲ್ಲಿ ಬರೆದರು. ಸಾವಿರ ವರ್ಷ ಹಿಂದಿನ ಆ ಕುತೂಹಲಕ್ಕೆ ನಾವು ವಾರಸುದಾರರು ಎಂದು ಭಾಷಣದಲ್ಲಿ ಹೇಳಿಕೊಂಡರೆ ಸಾಲದು. ವಾರಸುದಾರಿಕೆಯನ್ನು ತರಗತಿಯಲ್ಲಿ ತೋರಿಸಬೇಕು.

ಉರ್ದುವಿನಲ್ಲಿ ‘ತಖ್ದೀರ್’ ಮತ್ತು ‘ತದ್‌ಬೀರ್’ ಎಂಬ ಎರಡು ಪದಗಳು ಅವಳಿಗಳಂತೆ ಬರುತ್ತವೆ. ತಖ್ದೀರ್ ಎಂದರೆ ವಿಧಿ, ತದ್‌ಬೀರ್ ಎಂದರೆ ಉಪಾಯ, ಮುಂಜಾಗ್ರತೆ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನಲ್ಲಿ ಭರವಸೆ ಇಡಬೇಕೆಂಬ ಪ್ರವಾದಿವರ್ಯರ (ಸ) ಉಪದೇಶವನ್ನು ನಾವೆಲ್ಲ ಕೇಳಿದ್ದೇವೆ. ಭೂಕಂಪದ ದಿನ, ಗಂಟೆಯನ್ನು ಮುಂಚಿತವಾಗಿ ಹೇಳಲು ಇಂದಿನವರೆಗೂ ಯಾವ ವಿಜ್ಞಾನಿಗೂ ಸಾಧ್ಯವಾಗಿಲ್ಲ. ಆದರೆ ಯಾವ ಇಳಿಜಾರು ದುರ್ಬಲ ಎಂದು ಹೇಳುವುದು ಸಾಧ್ಯ. ನಮ್ಮ ಒಂಟೆಗೆ ಹಗ್ಗ ಅದೇ.

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ನಮ್ಮ ಸಂಸ್ಥೆಗಳಿಗೆ ಜಾಗ ಸಾಮಾನ್ಯವಾಗಿ ದಾನವಾಗಿ ಬರುತ್ತದೆ, ಇಲ್ಲವೇ ಅಗ್ಗಕ್ಕೆ ಸಿಗುತ್ತದೆ. ದಾನಿಯ ಮನಸ್ಸು ದೊಡ್ಡದು, ಅಲ್ಲಾಹನು ಅವರಿಗೆ ಪ್ರತಿಫಲ ನೀಡಲಿ. ಆದರೆ ಗುಡ್ಡಗಾಡಿನಲ್ಲಿ ಅಗ್ಗಕ್ಕೆ ಸಿಗುವ ಜಾಗ ಎಷ್ಟೋ ಸಲ ಗುಡ್ಡ ಕಡಿದು ಮಟ್ಟ ಮಾಡಬೇಕಾದ ಜಾಗ, ಹಳ್ಳದ ದಂಡೆ ಅಥವಾ ಮಣ್ಣು ತುಂಬಿಸಿದ ತಗ್ಗು. ಅಡಿಗಲ್ಲು ಇಡುವ ಮೊದಲು ನಾಲ್ಕು ಪ್ರಶ್ನೆ ಕೇಳೋಣ. ಹಿಂದಿನ ಧರೆಯ ಕಲ್ಲು, ಮಣ್ಣಿನ ಪದರ ಯಾವ ಕಡೆಗೆ ವಾಲಿದೆ? ಮಳೆನೀರು ಎಲ್ಲಿಗೆ ಹೋಗುತ್ತದೆ? ಮೇಲೆ ನೆಲದಲ್ಲಿ ಬಿರುಕು, ವಾಲಿದ ಮರ, ವಾಲಿದ ಕಂಬ ಇವೆಯೇ? ಹಿಂದೆ ಇಲ್ಲಿ ಎಂದಾದರೂ ಜರಿದಿತ್ತೇ? ಕೊನೆಯ ಪ್ರಶ್ನೆಗೆ ಇಂಜಿನಿಯರಿಗಿಂತ ಮೊದಲು ಊರಿನ ಅಜ್ಜ ಅಜ್ಜಿಯರು ಉತ್ತರ ಕೊಡುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಕುಸಿತದ ಅಪಾಯವಿರುವ ಪ್ರದೇಶಗಳ ನಕ್ಷೆಗಳನ್ನು ‘ಭೂಕೋಶ್’ ಎಂಬ ಜಾಲತಾಣದಲ್ಲಿ ಇಟ್ಟಿದೆ. ದೇಶದ ನೆಲದಲ್ಲಿ ಸುಮಾರು 12.6 ಶೇಕಡಾ ಭಾಗ, ಅಂದರೆ 4.2 ಲಕ್ಷ ಚದರ ಕಿಲೋಮೀಟರ್, ಇಂತಹ ಪ್ರದೇಶ. ನಮ್ಮ ಜಾಗ ಅದರಲ್ಲಿದೆಯೇ ಎಂದು ನೋಡಲು ಒಬ್ಬ ಹೈಸ್ಕೂಲು ವಿದ್ಯಾರ್ಥಿಯ ಸಹಾಯ ಸಾಕು. ಉತ್ತರ ಅನುಮಾನಕ್ಕೆ ಎಡೆಕೊಟ್ಟರೆ ಬೇರೆ ಜಾಗ ಹುಡುಕೋಣ. ಕಟ್ಟಡ ಒಂದೆರಡು ವರ್ಷ ತಡವಾದರೆ ನಷ್ಟವಿಲ್ಲ.

ವಿದ್ಯಾರ್ಥಿಗಳಿಗೆ ನನ್ನ ಕೊನೆಯ ಮಾತು. ಡಾಕ್ಟರ್, ಇಂಜಿನಿಯರ್ ಎಂಬ ಎರಡೇ ಬಾಗಿಲುಗಳ ಮುಂದೆ ನಮ್ಮ ಮಕ್ಕಳು ಸಾಲು ನಿಂತಿದ್ದಾರೆ. ಭೂವಿಜ್ಞಾನ ಎಂಬ ಇನ್ನೊಂದು ಬಾಗಿಲು ಇದೆ, ಅಲ್ಲಿ ನೂಕುನುಗ್ಗಲಿಲ್ಲ. ಮೈಸೂರು, ಧಾರವಾಡ ಮೊದಲಾದ ಕಡೆ ನಮ್ಮ ವಿಶ್ವವಿದ್ಯಾಲಯಗಳಲ್ಲೇ ಈ ವಿಷಯದಲ್ಲಿ ಸ್ನಾತಕೋತ್ತರ ಪದವಿಯವರೆಗೆ ಓದಬಹುದು. 1851ರಲ್ಲಿ ಸ್ಥಾಪನೆಯಾದ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಕೇಂದ್ರ ಲೋಕಸೇವಾ ಆಯೋಗ ನಡೆಸುವ ಪರೀಕ್ಷೆಯ ಮೂಲಕ ಆಯ್ಕೆ ನಡೆಯುತ್ತದೆ. ಹೆಣ್ಣುಮಕ್ಕಳೂ ಬೆಟ್ಟ ಹತ್ತಿ ಕಲ್ಲು ಪರೀಕ್ಷಿಸುವ ಈ ಕೆಲಸ ಮಾಡುತ್ತಿದ್ದಾರೆ. ನಿಮ್ಮಲ್ಲಿ ಒಬ್ಬರು ಅಥವಾ ಇಬ್ಬರು ಆ ದಾರಿ ಹಿಡಿದು, ಮುಂದೊಂದು ದಿನ ಯಾವುದೋ ಊರಿನವರಿಗೆ ‘ಇಲ್ಲಿ ಶಾಲೆ ಕಟ್ಟಬೇಡಿ, ಆಚೆ ಕಟ್ಟಿ’ ಎಂದು ಹೇಳಿದರೆ, ಆ ಒಂದು ವಾಕ್ಯದಿಂದ ಉಳಿಯುವ ಮಕ್ಕಳ ಲೆಕ್ಕ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಬರದಿದ್ದರೂ ಚಿಂತೆಯಿಲ್ಲ. ಲೆಕ್ಕ ಇಡುವವನು ಇದ್ದಾನೆ.